ಆಕಳು ಏಳು ತಿಂಗಳಿಗೆ ಕಂದು ಹಾಕಿತು, ಈಗ ತಮ್ಮನಿಗೆ ಜ್ವರ ಇಳಿಯುತ್ತಿಲ್ಲ

ಅಥಣಿ ಹೈನು:
ನಮ್ಮ ಎಚ್‌ಎಫ್ ತಳಿಯ ಆಕಳು ಏಳು ತಿಂಗಳಿಗೆ ಕಂದು ಹಾಕಿತು. ಕಸ (ಮಾಸು) ಪೂರ್ತಿ ಬೀಳಲಿಲ್ಲ, ತಮ್ಮ ಬರಿಗೈಯಲ್ಲೇ ಎಳೆದು ತೆಗೆದ, ಎಲ್ಲಾ ಒಯ್ದು ತಿಪ್ಪೆಗೆ ಒಗೆದೆವು, ನಾಯಿ ಎಳೆದಾಡಿದವು. ಈಗ ಮೂರು ವಾರ ಆಯ್ತು. ತಮ್ಮನಿಗೆ ಸಂಜೆ ಆದರೆ ಜ್ವರ, ರಾತ್ರಿ ಅಂಗಿ ಒದ್ದೆಯಾಗುವಷ್ಟು ಬೆವರು, ಸೊಂಟ ಹಿಡಿದಿದೆ. ಟೈಫಾಯ್ಡ್ ಅಂತ ಔಷಧ ನಡೆದಿದೆ. ಬ್ರುಸೆಲ್ಲಾ, ಅಂದರೆ ದನ ಕಂದು ಹಾಕುವ ರೋಗ, ಇರಬಹುದು ಅಂತ ಊರಲ್ಲಿ ಒಬ್ಬರು ಅಂದರು. ದನದಿಂದ ಮನುಷ್ಯರಿಗೆ ಬರುತ್ತಾ? ಉಳಿದ ನಾಲ್ಕು ಆಕಳಿಗೆ ಈಗಲೇ ಲಸಿಕೆ ಹಾಕಿಸಲಾ?

ದನದ ಡಾಕ್ಟರ್, ಬಾಗಲಕೋಟೆ:
ಬರುತ್ತೆ ರೀ. ಮೊದಲು ತಮ್ಮನನ್ನು ನೋಡಿ, ದನ ಆಮೇಲೆ. 'ಕಂದು ಹಾಕಿದ ಆಕಳಿನ ಕಸ ಮುಟ್ಟಿದ್ದಾನೆ' ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರಿಗೂ ಹೊಳೆಯುವುದು ಕಷ್ಟ, ಟೈಫಾಯ್ಡ್ ತರಾನೇ ಕಾಣುತ್ತೆ. ಇದರ ರಕ್ತ ಪರೀಕ್ಷೆಯೇ ಬೇರೆ. ಅದೇ ಅಂತಾದರೆ ಸಾಮಾನ್ಯವಾಗಿ ಎರಡು ಔಷಧ ಕೂಡಿಸಿ, ಕಡಿಮೆ ಅಂದರೂ 6 ವಾರದ ಚಿಕಿತ್ಸೆ. ಹತ್ತು ದಿನಕ್ಕೆ ಆರಾಮಾಯ್ತು ಅಂತ ಬಿಟ್ಟರೆ ತಿರುಗಿ ಬರುತ್ತೆ.

ಲಸಿಕೆ ದೊಡ್ಡ ಆಕಳಿಗಲ್ಲ. ಎಸ್-19 ಅನ್ನೋ ಈ ಲಸಿಕೆ ಹಾಕುವುದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನದಲ್ಲಿ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಲಸಿಕೆ ಜೊತೆ ಇದೂ ಪುಕ್ಕಟೆ. ಜೀವಂತ ರೋಗಾಣುವಿನ ಲಸಿಕೆ ಇದು, ಗಬ್ಬದ ಆಕಳಿಗೆ ಹಾಕಿದರೆ ಕಂದು ಹಾಕಬಹುದು, ಸೂಜಿ ತಪ್ಪಿ ನಮ್ಮ ಕೈಗೆ ಚುಚ್ಚಿದರೆ ನಮಗೂ ರೋಗ ಬರಬಹುದು. ಸುಮ್ನೆ ತಂದು ನೀವೇ ಹಾಕಬೇಡಿ! ಆ ನಾಲ್ಕರ ರಕ್ತ ಪರೀಕ್ಷೆ ಮಾಡಿಸಿ.

ಇಂಡಿ ಕುರಿಗಾರ:
ಕುರಿ, ಆಡಿನಲ್ಲೂ ಇದೆ ಅಣ್ಣಾ, ಅವುಗಳಿಂದ ಬಂದರೆ ಮನುಷ್ಯರಿಗೆ ಇನ್ನೂ ಜೋರು ಅಂತಾರೆ. ನಮ್ಮಲ್ಲಿ ಆಡಿನ ನೊರೆಹಾಲು ಹಾಗೇ ಕುಡಿಯುತ್ತಿದ್ದೆವು. ಈಗ ಕುದಿಸದೆ ಮುಟ್ಟಲ್ಲ. ಕಂದು ಬಿದ್ದರೆ ಕೈಗವಸು ಹಾಕಿಕೊಂಡು, ನಾಯಿ ಕೆದರದಷ್ಟು ಆಳ ತೋಡಿ, ಸುಣ್ಣ ಹಾಕಿ ಹೂಳುತ್ತೇವೆ.

ಅಥಣಿ ಹೈನು:
ನಾಳೆಯೇ ತಮ್ಮನನ್ನು ಬೆಳಗಾವಿಗೆ ಕರೆದುಕೊಂಡು ಹೋಗುತ್ತೇನೆ. ಆಕಳು ಈಗ ಚೆನ್ನಾಗಿ ಮೇಯುತ್ತಿದೆ, ಸಂತೆಗೆ ಹೊಡೆಯೋಣ ಅಂತಾರೆ ಅಪ್ಪ.

ದನದ ಡಾಕ್ಟರ್, ಬಾಗಲಕೋಟೆ:
ಮೋಸವೇ ಅಲ್ಲಿರೋದು. ಮುಂದಿನ ಸಲ ಸರಿಯಾಗಿ ಈಯಲೂಬಹುದು, ಆದರೂ ಹಾಲಿನಲ್ಲಿ, ಈದಾಗಿನ ನೀರು-ಕಸದಲ್ಲಿ ರೋಗ ಹೊರಗೆ ಬರುತ್ತಿರುತ್ತೆ. ಕೊಂಡವರ ಮನೆಯಲ್ಲೂ ಒಬ್ಬ ತಮ್ಮ ಇರ್ತಾನೆ ಅಲ್ವಾ? ಪರೀಕ್ಷೆ ಆಗುವವರೆಗೆ ಬೇರೆ ಕಟ್ಟಿ.