ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲೇ ಇದ್ದರೆ ಏನ್ ತಪ್ಪು?

ಗೋಕುಲ ರೋಡ್ ಬಾಡಿಗೆದಾರ:
ಎರಡು ಬೆಡ್‌ರೂಮಿನ ಮನೆ, ಬಾಡಿಗೆ 11 ಸಾವಿರ, ನಮಗಿಬ್ಬರಿಗೂ ಆರಾಮಿದೆ. ಆದರೆ ಊರಿಂದ ಯಾರೇ ಬಂದರೂ ಚಹಾ ಕುಡಿಯೋ ಮೊದಲೇ 'ಇನ್ನೂ ಬಾಡಿಗಿ ಮನಿಯಾಗ ಅದೀರೇನು?' ಅಂತಾರೆ. ತಮ್ಮನಿಗೆ ಹೆಣ್ಣು ನೋಡ್ತಿದ್ದೇವೆ, ಅಲ್ಲೂ ಹುಡುಗನ ನೌಕರಿಗಿಂತ ಮೊದಲು ಸ್ವಂತ ಮನೆ ಇದೆಯಾ ಅನ್ನೋದೇ ಪ್ರಶ್ನೆ. ಅಪ್ಪ ಹಾವೇರಿ ಕಡೆಯ ಹೊಲ ಮಾರಿ ಕೊಡ್ತೀನಿ, ಉಳಿದದ್ದಕ್ಕೆ 30 ಲಕ್ಷ ಸಾಲ ಮಾಡು ಅಂತಾರೆ. 8.5 ಪರ್ಸೆಂಟ್ ಬಡ್ಡಿಗೆ 20 ವರ್ಷ ಅಂದರೆ ತಿಂಗಳಿಗೆ ಸುಮಾರು 26 ಸಾವಿರ ಕಂತು, ಬಡ್ಡಿನೇ 32 ಲಕ್ಷ ದಾಟುತ್ತೆ. ಮಂದಿ ಬಾಯಿ ಮುಚ್ಚಿಸೋಕೆ ಇಷ್ಟು ಕೊಡಬೇಕಾ?

ಎರೆಹೊಲ:
ಸಾಲ ಬೇಕಾದರೆ ಮಾಡಿ, ಹೊಲ ಮಾತ್ರ ಮಾರಿಸಬೇಡಿ. ಹೋದ ಹೊಲ ವಾಪಸ್ ಬರಲ್ಲ.

ಸಪ್ತಾಪುರದ ಅಕ್ಕ:
ಮಂದಿ ಬಾಯಿ ಬಿಡ್ರಿ, ಮನೆಯೊಳಗೆ ದಿನವಿಡೀ ಇರೋರನ್ನ ಕೇಳಿದ್ದೀರಾ? ನಮ್ಮಲ್ಲಿ ನಲ್ಲಿ ನೀರು ಬಂದ ದಿನ ಮಾಲೀಕರ ಟ್ಯಾಂಕ್ ತುಂಬಿದ ಮೇಲೇ ನಮಗೆ ಮೋಟರ್. ಹಬ್ಬಕ್ಕೆ ಅತ್ತಿಗೆ, ಮಕ್ಕಳು ನಾಲ್ಕು ದಿನ ಉಳಿದರೆ ಮೆಟ್ಟಿಲ ಮೇಲೆ ನಿಂತು 'ನೆಂಟರು ಯಾವಾಗ ಹೋಗ್ತಾರ್ರಿ?' ಅಂತ ನಗುನಗುತ್ತಲೇ ಕೇಳ್ತಾರೆ. ಗೋಡೆಗೆ ಮೊಳೆ ಹೊಡೆಯೋಕೂ ಅಪ್ಪಣೆ ಬೇಕು. 11 ತಿಂಗಳ ಕರಾರು ಮುಗಿಯೋ ಹೊತ್ತಿಗೆ ಮತ್ತೆ ಎದೆ ಡವಡವ, ಮಗಳ ಶಾಲೆ ಪಕ್ಕದಲ್ಲೇ ಇದೆ ನೋಡಿ. ಇದಕ್ಕೆ ನಿಮ್ಮ ಬಡ್ಡಿ ಲೆಕ್ಕದಲ್ಲಿ ಜಾಗ ಎಲ್ಲಿದೆ?

ಕಟ್ಟಿ ನೋಡಿದವ:
ಅಕ್ಕ ಹೇಳಿದ್ದು ಖರೆ. ಆದರೂ ಅವಸರ ಬೇಡ. ನಮ್ಮ ಕಡೆ ಜಾಸ್ತಿ ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಗಟ್ಟಿ ನೆಲ ಸಿಗೋವರೆಗೆ ಪಾಯ ತೆಗೆಯದಿದ್ದರೆ ಗೋಡೆ ಸೀಳು ಬಿಡುತ್ತೆ. ಪಾಯದ ಖರ್ಚು ಯಾರೂ ಮೊದಲೇ ಹೇಳಲ್ಲ, ಸೈಟಿನ ರೇಟ್ ಒಂದೇ ಹೇಳ್ತಾರೆ. ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಅಗ್ಗಕ್ಕೆ ಮಾರೋ ಗುಂಟೆ ಪ್ಲಾಟ್ ಕಡೆ ಹೋಗಲೇಬೇಡಿ. ಎನ್‌ಎ, ಅಂದರೆ ಕೃಷಿಯೇತರ ಜಮೀನು ಅಂತ ಪರಿವರ್ತನೆ, ಆಗದ ಜಾಗಕ್ಕೆ ಬ್ಯಾಂಕ್ ಸಾಲ ಸಿಗೋದು ಕಷ್ಟ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಪರ್ಸೆಂಟ್ ಆಗಿದೆ. ಟ್ಯಾಕ್ಸ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಗಿರಿ. ಹೊಸ ತೆರಿಗೆ ಪದ್ಧತಿಯಲ್ಲಿ ನಾವೇ ವಾಸ ಇರೋ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ, ಹಳೆಯದರಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಇದೆ.

ಗೋಕುಲ ರೋಡ್ ಬಾಡಿಗೆದಾರ:
ಅಕ್ಕಾ, ಹೆಂಡತಿಗೆ ನಿಮ್ಮ ಮಾತು ಓದಿ ಹೇಳಿದೆ. 'ನಮ್ಮ ಮಾಲೀಕರು ಎಷ್ಟೋ ವಾಸಿ' ಅಂದಳು, ಆಮೇಲೆ ಸುಮ್ನೆ ಇರದೆ 'ಆದರೂ ನಮ್ದು ಅಂತ ಒಂದು ಬೇಕಲ್ವಾ' ಅಂದಳು! ಹೊಲ ಮಾರೋದಿಲ್ಲ, ಅಷ್ಟು ಪಕ್ಕಾ. ಸಾಲದಲ್ಲೇ ಆಗೋ ಹಾಗೆ ನವನಗರ ಕಡೆ ಹಳೆ ಮನೆ ಯಾರಾದರೂ ನೋಡಿದ್ದೀರಾ?