ಅಪ್‌ಡೇಟ್: ಹಿಮದಲ್ಲಿ ಜಾರುವ ಬೂಟು, ಬಿಳಿ ಕಲೆ

ಮೆಟ್ರೋವರೆಗಿನ ನಡಿಗೆಯಲ್ಲಿ ಬೂಟು ಜಾರುತ್ತೆ, ಚರ್ಮದ ಮೇಲೆ ಬಿಳಿ ಕಲೆ ಕೂರುತ್ತೆ, ಏನು ಮಾಡೋದು ಅಂತ ಕೇಳಿದ್ದೆ. ಎರಡೂ ಬಗೆಹರಿದಿವೆ, ಥ್ಯಾಂಕ್ಸ್.

ತಪ್ಪು ಅಟ್ಟೆಯದು. ಪ್ಲಾಸ್ಟಿಕ್ ಅಟ್ಟೆ ಚಳಿಗೆ ಇನ್ನಷ್ಟು ಬಿರುಸಾಗುತ್ತೆ. ಆಳವಾದ ಗೀರುಗಳಿರುವ ಮೆತ್ತನೆ ರಬ್ಬರೇ ಬೇಕು. ಗಾಜಿನಂಥ ಮಂಜುಗಡ್ಡೆ ಮೇಲೆ ಅದೂ ಸಾಲದು, ಬೂಟಿನ ಮೇಲೆ ಎಳೆದು ಹಾಕುವ ಮುಳ್ಳುಪಟ್ಟಿಯೇ ಗತಿ. ನಿಲ್ದಾಣದ ಬಾಗಿಲಲ್ಲೇ ಅದನ್ನು ಬಿಚ್ಚಿಬಿಡಿ. ನುಣುಪು ಟೈಲ್ಸ್ ಮೇಲೆ ಲೋಹದ ಮುಳ್ಳಿಗೆ ಹಿಡಿತವೇ ಇಲ್ಲ, ಜಾರಿ ಬೀಳೋದು ಅಲ್ಲೇ!

ಕಲೆ, ಹಿಮ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪಿನದು. ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬರೀ ನೀರಲ್ಲಿ. ಒಣಗಿಸೋಕೆ ಒಳಗೆ ಪೇಪರ್ ತುರುಕಿ. ಹೀಟರ್ ಮೇಲೆ ಮಾತ್ರ ಇಡಬೇಡಿ, ಚರ್ಮ ಬಿರಿದು ಅಂಟು ಬಿಡುತ್ತೆ.