ಕಾವಲು ದೂತನಿಗೆ ನಾಚಿಕೆ ಆಗುತ್ತಾ?

ತೋಟದಮನೆ ಅಮ್ಮ (ಸುಂಟಿಕೊಪ್ಪ ಹತ್ತಿರ):
ಎಲ್ಲರಿಗೂ ನಮಸ್ಕಾರ. ಜಗಳಕ್ಕೆ ಬಂದವಳಲ್ಲ, ದೇವರು ನಮ್ಮ ಒಬ್ಬೊಬ್ಬರ ಕಾವಲಿಗೂ ಇಟ್ಟ ದೇವದೂತರ ಬಗ್ಗೆ ಒಂದು ಅನುಮಾನ ಇದೆ.

ಕಳೆದ ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆಗೆ ನಾನೂ ಮಗಳೂ ಹೊರಟೆವು. ಅವಳಿಗೆ 14 ವರ್ಷ. ಅವತ್ತು ಬೈಬಲ್‌ನ ಮೊದಲ ವಾಚನ ಓದುವ ಸರದಿ ಅವಳದು. ಮಳೆ ಹೇಗಿತ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೋಟದ ಕೆಲಸದವರ ಲೈನ್‌ಮನೆ ದಾಟಿ ರಸ್ತೆಗೆ ಬರುವಷ್ಟರಲ್ಲಿ ಅವಳ ಕಾಲಿಗೆ ಮೂರು ಜಿಗಣೆ ಹತ್ತಿದ್ದವು. ಜೀನ್ಸನ್ನು ಮೊಣಕಾಲಿನ ತನಕ ಮಡಚಿ, ಸುಣ್ಣ ಮುಟ್ಟಿಸಿ ಒಂದೊಂದೇ ಬಿಡಿಸಿದೆ. ರಕ್ತ ನಿಲ್ಲಲಿಲ್ಲ. ಅದಕ್ಕೇ ಪ್ಯಾಂಟ್ ಇಳಿಸಲಿಲ್ಲ, ಆಮೇಲೆ ಇಬ್ಬರಿಗೂ ಮರೆತೇ ಹೋಯಿತು. ಹಾಗೇ ಹೋಗಿ ಓದಿಬಿಟ್ಟಳು.

ಪೂಜೆ ಮುಗಿದ ಮೇಲೆ ಜಗುಲಿಯಲ್ಲಿ ಒಬ್ಬರು ವಯಸ್ಸಾದ ಅಮ್ಮ ಅವಳ ಕೈ ಹಿಡಿದುಕೊಂಡರು. "ಮಗಾ, ಹೀಗೆ ಕಾಲು ತೋರಿಸಿಕೊಂಡು ಪೀಠದ ಹತ್ತಿರ ಹೋದರೆ ನಿನ್ನ ಕಾವಲು ದೂತ ನಾಚಿಕೊಂಡು ಮುಖ ತಿರುಗಿಸುತ್ತಾನೆ" ಅಂದರು. ಬೈದದ್ದಲ್ಲ, ಮೆತ್ತಗೇ ಹೇಳಿದ್ದು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಯಾವ ಚರ್ಚ್, ಯಾರು ಅನ್ನೋದು ಬೇಡ ಬಿಡಿ.

ಮನೆಗೆ ಬಂದವಳೇ ನನ್ನ ಪ್ರಾರ್ಥನೆ ಪುಸ್ತಕದಿಂದ ದೇವದೂತ ಸಂತ ಮಿಕಾಯೇಲರ ಚಿತ್ರ ಎಳೆದಳು. ಅಂಗೈಯಷ್ಟು ಕಾಗದ, ಅಂಚೆಲ್ಲ ಹಳದಿ. ಎದೆಗೆ ರೋಮನ್ ಸಿಪಾಯಿ ಕವಚ, ಸೊಂಟದ ಕೆಳಗೆ ತೊಗಲಿನ ಪಟ್ಟಿಗಳ ಗಿಡ್ಡ ಲಂಗ, ಕಾಲಡಿಯಲ್ಲಿ ಸೈತಾನ. "ಅಮ್ಮಾ, ಇವರ ಮೊಣಕಾಲು ನೋಡು" ಅಂದಳು. ನಗು ಬಂತು. ಉತ್ತರ ಬರಲಿಲ್ಲ. ದೂತರಿಗೆ ಶರೀರವೇ ಇಲ್ಲ ಅಂತ ಧರ್ಮೋಪದೇಶದ ಕ್ಲಾಸಲ್ಲೇ ಕಲಿಸಿದ್ದಾರಂತೆ. ಕಣ್ಣೇ ಇಲ್ಲದವರು ಏನು ನೋಡಿ ನಾಚುತ್ತಾರೆ? ತಿಳಿದವರು ಹೇಳಿ.

ಕುಶಾಲನಗರದವ:
ಅಕ್ಕಾ, ನಮ್ಮ ಕಡೆ ನಿಮ್ಮಷ್ಟು ಮಳೆ ಇಲ್ಲ, ಹಾಗಾಗಿ ಜಿಗಣೆ ನೆಪ ನಮಗೆ ನಡೆಯುವುದಿಲ್ಲ. ತಮಾಷೆಗೆ ಹೇಳಿದೆ. ಆದರೆ ಆ ಅಮ್ಮನ ಮಾತಲ್ಲಿ ತಪ್ಪೇನಿದೆ? ರೋಮಿನ ಸಂತ ಪೇತ್ರರ ಬಸಿಲಿಕಕ್ಕೆ ತೋಳು, ಮೊಣಕಾಲು ಮುಚ್ಚದೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಗಂಡಸರ ಚಡ್ಡಿಗೂ ಅದೇ ರೂಲ್ಸ್. ಮದುವೆ ಮನೆಗೆ ಹೋಗುವಾಗ ಮಾತ್ರ ನೂರು ಸಲ ಕನ್ನಡಿ ನೋಡುತ್ತೇವೆ, ಪೂಜೆಗೆ ಸಿಕ್ಕಿದ್ದು ಹಾಕಿಕೊಂಡು ಹೋಗುತ್ತೇವೆ. ಸರೀನಾ?

ವಿರಾಜಪೇಟೆ ಮೇಷ್ಟ್ರು:
ತಂಗಿ, ನಿಮ್ಮ ಮಗಳ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ದೂತರು ಬರೀ ಆತ್ಮಗಳು, ಬುದ್ಧಿ ಮತ್ತು ಇಚ್ಛೆ ಇರುವವರು, ಶರೀರ ಇಲ್ಲ. ಇದು ಶ್ರೀಸಭೆಯ, ಅಂದರೆ ನಮ್ಮ ಕಥೋಲಿಕ ಚರ್ಚಿನ ಬೋಧನೆ. 13ನೇ ಶತಮಾನದ ದೇವಶಾಸ್ತ್ರ ಪಂಡಿತ ಸಂತ ಥಾಮಸ್ ಅಕ್ವಿನಾಸ್ ಇನ್ನೂ ಮುಂದೆ ಹೋಗುತ್ತಾರೆ. ಒಂದೇ ಜಾತಿಯಲ್ಲಿ (ಗಿಡ, ಪ್ರಾಣಿಗಳ ಜಾತಿ ಅನ್ನುವ ಅರ್ಥದಲ್ಲಿ) ಹಲವರು ಇರಬೇಕಾದರೆ ಶರೀರದಂಥ ಪದಾರ್ಥ ಬೇಕು. ದೂತರಲ್ಲಿ ಅದು ಇಲ್ಲವಲ್ಲ, ಹಾಗಾಗಿ ಒಬ್ಬೊಬ್ಬ ದೂತನೂ ಒಂದೊಂದು ಜಾತಿ. ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಇಡೀ ಅರೇಬಿಕಾ ಕಾಫಿ ಜಾತಿಗೆ ಒಂದೇ ಒಂದು ಗಿಡ ಇದ್ದ ಹಾಗೆ.

ಬೈಬಲ್‌ನ ತೋಬಿತನ ಗ್ರಂಥದಲ್ಲಿ ದೂತ ರಫಾಯೇಲ ಮನುಷ್ಯನ ರೂಪದಲ್ಲಿ ತೋಬಿತನ ಹುಡುಗನ ಜೊತೆ ಊರೂರು ನಡೆದು, ಕೊನೆಗೆ ಗುಟ್ಟು ಬಿಡುತ್ತಾನೆ: ನಾನು ತಿಂದ ಹಾಗೆ ನಿಮಗೆ ಕಂಡಿತಷ್ಟೇ. ಮಿಕಾಯೇಲರ ಮೊಣಕಾಲೂ ಅಂಥದ್ದೇ, ಚಿತ್ರ ಬರೆದವನು ಕೊಟ್ಟಿದ್ದು.

ಮುಖ ತಿರುಗಿಸಿ ಬಿಟ್ಟುಹೋಗುವ ಮಾತು ಮಾತ್ರ ಸುಮ್ನೆ. ಹುಟ್ಟಿನಿಂದ ಸಾವಿನ ತನಕ ಕಾವಲು ದೂತ ಜೊತೆಗಿರುತ್ತಾನೆ ಅಂತಲೇ ಶ್ರೀಸಭೆ ಕಲಿಸುವುದು.

ಆದರೆ ಆ ಅಮ್ಮ ತಲೆಯಿಂದ ಕಟ್ಟಿ ಹೇಳಿದ್ದು ಅಂದುಕೊಳ್ಳಬೇಡಿ. ಬೈಬಲ್‌ನಲ್ಲಿ ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ತೆಗೆಯಿರಿ. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು, "ದೇವದೂತರ ನಿಮಿತ್ತ" ಅಂತ ಇದೆ. ಇದಕ್ಕೆ ಬಹಳ ಮಂದಿ ಬಹಳ ಥರ ಅರ್ಥ ಹೇಳಿದ್ದಾರೆ. ನನಗೆ ಒಪ್ಪಿಗೆಯಾದದ್ದು ಇದು: ಪೂಜೆಯಲ್ಲಿ ನಾವಷ್ಟೇ ಇರುವುದಲ್ಲ, ದೂತರೂ ನಮ್ಮ ಜೊತೆ ಆರಾಧನೆಗೆ ನಿಂತಿರುತ್ತಾರೆ. ಅವರು ನಮ್ಮ ಕಾಲು ನೋಡಲು ಬಂದವರಲ್ಲ. 1917ರ ಶ್ರೀಸಭೆ ಕಾನೂನಿನಲ್ಲಿ ಹೆಂಗಸರು ತಲೆ ಮುಚ್ಚಬೇಕು ಅಂತ ಇತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತೇ ಇಲ್ಲ. ಆ ಅಮ್ಮ ಹಳೇ ಕಾನೂನಿನಲ್ಲಿ ಬೆಳೆದವರಿರಬೇಕು, ಅಲ್ವಾ?

ಸೋಮವಾರಪೇಟೆ ಟೈಲರ್:
ನಾನು ಓದಿದವಳಲ್ಲ. ಕ್ರಿಸ್ಮಸ್ ಬಂದರೆ ಮಕ್ಕಳಿಗೆ ದೂತರ ಗೌನ್ ಹೊಲಿಯುವವಳು. ಬಿಳಿ ಸ್ಯಾಟಿನ್, ರಟ್ಟಿನ ರೆಕ್ಕೆ, ಒಳಗೆ ತಂತಿ. ಆ ತಂತಿ ಚುಚ್ಚಿ ಮಗು ಅಳದ ವರ್ಷವೇ ಇಲ್ಲ. ಹುಡುಗರು ಯಾರೂ ದೂತ ಆಗಲು ಒಪ್ಪುವುದಿಲ್ಲ. ಬೈಬಲ್‌ನಲ್ಲಿ ಯೇಸುವಿನ ಸಮಾಧಿಯಲ್ಲಿ ಕೂತವನು ಬಿಳಿ ನಿಲುವಂಗಿ ಹಾಕಿದ ಯುವಕ ಅಂತ ಎಷ್ಟು ಹೇಳಿದರೂ ಕೇಳಲ್ಲ.

ಬಟ್ಟೆ ವಿಷಯಕ್ಕೆ ಬಂದರೆ, ನನ್ನ ಹತ್ತಿರ ಬ್ಲೌಸ್ ಹೊಲಿಸುವ ಕೊಡವರ ಅಕ್ಕಂದಿರು ಸೀರೆ ನೆರಿಗೆ ಹಿಂದಕ್ಕೆ ಸಿಕ್ಕಿಸುತ್ತಾರೆ, ನಾವು ಮುಂದಕ್ಕೆ. ಕಾಫಿ ಕೊಯ್ಯುವ ಹೆಂಗಸರು ಸೀರೆ ಮೇಲೆ ಗಂಡನ ಫುಲ್ ಶರ್ಟ್ ಹಾಕುತ್ತಾರೆ. ಯಾರಿಗೆ ಮರ್ಯಾದೆ ಕಮ್ಮಿ? ನಮ್ಮ ಫಾದರ್ ಒಮ್ಮೆ ಪ್ರಸಂಗದಲ್ಲಿ ಹೇಳಿದ್ದರು, ಸಭ್ಯತೆಯ ರೂಪ ಒಂದೊಂದು ಸಂಸ್ಕೃತಿಗೆ ಒಂದೊಂದು ಅಂತ ಶ್ರೀಸಭೆಯ ಧರ್ಮಬೋಧೆ ಪುಸ್ತಕದಲ್ಲೇ ಇದೆಯಂತೆ.

ವಿರಾಜಪೇಟೆ ಮೇಷ್ಟ್ರು:
ಇದೆ, 2524ನೇ ಕಲಂ. ಕುಶಾಲನಗರದ ತಮ್ಮನಿಗೂ ಒಂದು ಮಾತು. ಅದರ ಹಿಂದಿನ ಕಲಂಗಳನ್ನೂ ಓದಿ. ಅಲ್ಲಿ ಬಟ್ಟೆಗಿಂತ ಜಾಸ್ತಿ ಮಾತು ನಾವು ಇನ್ನೊಬ್ಬರನ್ನು ಹೇಗೆ ನೋಡುತ್ತೇವೆ ಅನ್ನುವುದರ ಬಗ್ಗೆ ಇದೆ.

ತೋಟದಮನೆ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಅವಳು ಬೈಬಲ್ ತಿರುವಿ ಯೆಶಾಯನ 6ನೇ ಅಧ್ಯಾಯ ಹುಡುಕಿದಳು. ಅಲ್ಲಿ ಸೆರಾಫಿಯರು ಅನ್ನುವ ದೂತರಿಗೆ ಆರು ರೆಕ್ಕೆ. ಎರಡರಿಂದ ಮುಖ, ಎರಡರಿಂದ ಕಾಲು ಮುಚ್ಚಿಕೊಳ್ಳುತ್ತಾರೆ, ಉಳಿದೆರಡರಿಂದ ಹಾರುತ್ತಾರೆ. "ನೋಡಮ್ಮಾ, ಅವರು ದೇವರ ಮುಂದೆ ತಮ್ಮ ಕಾಲು ಮುಚ್ಚಿಕೊಂಡರೇ ಹೊರತು ನನ್ನ ಕಾಲು ನೋಡಿ ಅಲ್ಲ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೂ ನಾನು ಪ್ಯಾಂಟ್ ಇಳಿಸಬೇಕಿತ್ತು" ಅಂತ ಅವಳೇ ಅಂದಳು. ನಾನು ಹೇಳಿಸಿದ್ದಲ್ಲ.

ಈ ಭಾನುವಾರ ಬ್ಯಾಗಲ್ಲಿ ಒಂದು ಹಳೇ ಟವೆಲ್, ಸುಣ್ಣದ ಡಬ್ಬಿ ಇಟ್ಟುಕೊಂಡು ಹೋದೆವು. ಗೇಟಿನ ಹತ್ತಿರ ಆ ಅಮ್ಮ ಸಿಕ್ಕರು. ಕೆಸರಿಗೆ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು, ಹಿಮ್ಮಡಿ ಮೇಲೆ ಜಿಗಣೆ. ಮಗಳು ಬಗ್ಗಿ ಸುಣ್ಣ ಹಚ್ಚಿ ತೆಗೆದಳು. ಮಿಕಾಯೇಲರ ಚಿತ್ರದ ಮಾತು ಎತ್ತಲಿಲ್ಲ, ಪುಣ್ಯ.

ಮೇಷ್ಟ್ರೇ, ಅವಳದು ಇನ್ನೊಂದು ಪ್ರಶ್ನೆ ಇದೆ. ಒಬ್ಬೊಬ್ಬ ದೂತನೂ ಒಂದೊಂದು ಜಾತಿ ಅಂದರೆ, ಅವಳ ದೂತನಿಗೂ ನನ್ನ ದೂತನಿಗೂ ಮಾತುಕತೆ ಹೇಗೆ ಆಗುತ್ತೆ?